ಇನ್ನೊಬ್ಬ ಪರಮಣ್ಣ

ಜಾಲಹಳ್ಳಿಯ ಪರಮಣ್ಣ ಚುನಾವಣೆಗೆ ನಿಂತದ್ದು ನಿವೃತ್ತನಾದ ಮರುವರ್ಷ. ಅದಕ್ಕೂ ಮೊದಲು ಆ ಕಡೆ ಅವನಿಲ್ಲದೆ ನಡೆದ ಚುನಾವಣೆ ಇರಲಿಲ್ಲ ಎಂದರೂ ತಪ್ಪಲ್ಲ. ಸರ್ಕಾರಿ ಬಸ್ಸಿನ ಕಂಡಕ್ಟರಾಗಿ ರಾಯಚೂರು, ದೇವದುರ್ಗ, ಜಾಲಹಳ್ಳಿಯ ದಾರಿಯಲ್ಲೇ ಅವನ ಅರ್ಧ ಆಯುಷ್ಯ ಕಳೆದಿತ್ತು. ಮತದಾನದ ಹಿಂದಿನ ದಿನ ಪೆಟ್ಟಿಗೆ, ಮಾಸ್ತರರು, ಪೊಲೀಸರನ್ನು ತುಂಬಿಕೊಂಡು ಹಳ್ಳಿಹಳ್ಳಿಗೆ ಇಳಿಸುತ್ತ ಹೋಗುವ ಬಸ್ಸಿಗೆ ಡಿಪೋದವರು ಅವನನ್ನೇ ಹಾಕುತ್ತಿದ್ದರು. ಯಾವ ಹಳ್ಳಿಯ ಶಾಲೆ ಎಲ್ಲಿದೆ, ಯಾವ ಹಳ್ಳದಲ್ಲಿ ಬಸ್ಸು ಹೂತುಹೋಗುತ್ತದೆ, ಯಾವ ಓಣಿಯವರು ಯಾರ ಕಡೆ, ಎಲ್ಲ ಅವನಿಗೆ ಗೊತ್ತು.

ದೇವದುರ್ಗದ ಕೆಲವು ಹಳ್ಳಿ, ಮಾನ್ವಿಯ ಕೆಲವು ಹಳ್ಳಿ ಕೂಡಿಸಿ ಮಾಡಿದ ಆ ಕ್ಷೇತ್ರದ ಚರಿತ್ರೆಯನ್ನು ಅವನು ಬಸ್ಸಿನಲ್ಲಿ ನಿಂತೇ ಹೇಳುತ್ತಿದ್ದ. ಮೊದಲ ಸಲ ವಾಡೆ ಎಂಬ ದೊಡ್ಡ ಮನೆಯ ಸಾಹುಕಾರರು ಎದುರಿಗೆ ಯಾರೂ ಇಲ್ಲದೆ ಗೆದ್ದದ್ದು. ಆಮೇಲೆ ಅವರ ಮಗ ಬೇರೆ ಪಕ್ಷದಿಂದ ಅಪ್ಪನ ಎದುರೇ ನಿಂತು ಗೆದ್ದು, ಗೆದ್ದ ಸಂಜೆ ಅಪ್ಪನ ಪಂಕ್ತಿಯಲ್ಲೇ ಊಟಕ್ಕೆ ಕೂತದ್ದು. ನಂತರ ಅಳಿಯ, ಅಳಿಯನ ತಮ್ಮ, ಈಗ ಮೊಮ್ಮಗ. ಪಕ್ಷ ಬದಲಾದವು, ಚಿಹ್ನೆ ಬದಲಾದವು, ಕ್ಷೇತ್ರದ ಗಡಿಯೂ ಒಮ್ಮೆ ಬದಲಾಯಿತು. ಗೆದ್ದವರೆಲ್ಲ ಮಾತ್ರ ಒಂದೇ ವಾಡೆಯ ಬಾಗಿಲಿನಿಂದ ಹೊರಬಂದವರು. ಈ ಕಥೆ ಕೇಳುತ್ತ ಜನ ನಗುತ್ತಿದ್ದರು. ನಗಿಸಿದ ಖುಷಿಯಲ್ಲಿ ಪರಮಣ್ಣ ಸೀಟಿ ಊದಿ ಬಸ್ಸು ಬಿಡಿಸುತ್ತಿದ್ದ.

ಆ ವಾಡೆಯ ಎದುರು ಗಟ್ಟಿಯಾಗಿ ನಿಂತ ಮನುಷ್ಯ ಒಬ್ಬನೇ. ಅವನ ಹೆಸರೂ ಪರಮಣ್ಣ. ಮಾನ್ವಿಯಲ್ಲಿ ಹೈಸ್ಕೂಲ್ ಮಾಸ್ತರನಾಗಿದ್ದವನು. ಕಾಲುವೆಯ ಕೊನೆಯ ಹಳ್ಳಿಗಳಿಗೆ ನೀರು ಮುಟ್ಟುತ್ತಿಲ್ಲವೆಂದು ಕೆಲಸ ಬಿಟ್ಟು, ತಲೆಗೆ ಹಳದಿ ರುಮಾಲು ಸುತ್ತಿ ಬೀದಿಗೆ ಇಳಿದಿದ್ದ. ಎರಡು ಸಲ ಪಕ್ಷೇತರನಾಗಿ ನಿಂತು ಸೋತಿದ್ದ. ಎರಡನೆಯ ಸಲ ಸೋಲು ಎಷ್ಟು ಸಣ್ಣದಾಗಿತ್ತೆಂದರೆ ವಾಡೆಯಲ್ಲಿ ಆ ಸಂಜೆ ಪಟಾಕಿ ತಡವಾಗಿ ಹಾರಿದವು.

ಕಂಡಕ್ಟರ್ ಪರಮಣ್ಣನ ಹೆಂಡತಿ ಬೂದೆಮ್ಮನ ತವರು ಕುರ್ಡಿ, ಕಾಲುವೆಯ ಕೊನೆಯ ಹಳ್ಳಿಗಳಲ್ಲೊಂದು. ಅವಳ ತಮ್ಮ ಅಂಜಿನೇಯ, ಮಾಸ್ತರರ ಜೊತೆ ಕಾಲುವೆಗುಂಟ ನಡೆದವನು, ಪೊಲೀಸರ ಲಾಠಿ ತಿಂದವನು. ಹೀಗಾಗಿ ಮಾಸ್ತರರ ಹೆಸರು ಆ ಮನೆಗೆ ಹೊಸದಲ್ಲ. ಬಸ್ಸಿನಲ್ಲೂ ಜನ ಕಾಡುತ್ತಿದ್ದರು: "ಯಾವ ಪರಮಣ್ಣ? ನೀರಿನ ಪರಮಣ್ಣನೋ, ಟಿಕೀಟಿನ ಪರಮಣ್ಣನೋ?" ಆ ಮಾತು ಅವನಿಗೆ ಹಿಡಿಸುತ್ತಿತ್ತು.

ನಿವೃತ್ತಿಯಾದ ಮೇಲೆ ಯಾರೂ ಏನೂ ಕೇಳದಂತಾಯಿತು. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು ಬಸ್‌ಸ್ಟ್ಯಾಂಡಿಗೆ ಹೋಗಿ ಕೂರುತ್ತಿದ್ದ. ಬಸ್ಸು ಬರುತ್ತಿದ್ದವು, ಹೋಗುತ್ತಿದ್ದವು. ಒಂದು ದಿನ ಹೊಸ ಕಂಡಕ್ಟರನೊಬ್ಬ, "ಮುದುಕಾ, ಬಾಗಲ ಬಿಟ್ಟು ನಿಂದರ" ಎಂದ. ಅವತ್ತು ಪರಮಣ್ಣ ಮನೆಗೆ ಬಂದು ಊಟ ಮಾಡಲಿಲ್ಲ. ಬೂದೆಮ್ಮ ಕೇಳಿದರೆ ಹೊಟ್ಟೆ ಸರಿಯಿಲ್ಲ ಎಂದ.

ಹನುಮಂತರಾಯ ಬಂದದ್ದು ಅಂಥ ದಿನಗಳಲ್ಲಿ. ಅವನು ವಾಡೆಯ ಎಲ್ಲ ಕೆಲಸ ನೋಡಿಕೊಳ್ಳುವ ಮನುಷ್ಯ, ಬಿಳಿ ಕಾರಿನಲ್ಲಿ ಓಡಾಡುವವನು. ಮನೆಯ ಮುಂದೆ ಕಾರು ನಿಲ್ಲಿಸಿ, ಚಪ್ಪಲಿ ಬಿಟ್ಟು ಒಳಗೆ ಬಂದು, ಕೂರುವ ಮೊದಲೇ ಕೈಮುಗಿದ.

"ಪರಮಣ್ಣ ಸಾಹೇಬ್ರ, ನಿಮ್ಮ ಗುರ್ತು ಇಲ್ಲದ ಹಳ್ಳಿ ಈ ಕ್ಷೇತ್ರದಾಗ ಅದ ಏನ್ರಿ?"

"ಎಲ್ಲಾರೂ ಪರಿಚಯದವರ ಅದಾರ್ರಿ."

"ಮತ್ತ ನೀವ್ಯಾಕ ನಿಂದರಬಾರದು? ಇಷ್ಟು ವರ್ಷ ಮಂದೀನ ಹೊತ್ತು ತಿರಗ್ಯಾಡಿದ್ರಿ. ಈಗ ಮಂದಿ ನಿಮ್ಮನ್ನ ಹೊರಲಿ."

ಪರಮಣ್ಣ ನಕ್ಕ. ತಮಾಷೆ ಎಂದುಕೊಂಡ. ಆದರೆ ಹನುಮಂತರಾಯ ನಗಲಿಲ್ಲ. ಹೋಗುವಾಗ, "ವಿಚಾರ ಮಾಡ್ರಿ. ಠೇವಣಿ, ಓಡಾಟ, ಏನಿದ್ರೂ ನಾವು ನೋಡ್ಕೋತೀವಿ" ಎಂದು ಮತ್ತೆ ಕೈಮುಗಿದ. ಓಣಿಯವರು ಬಾಗಿಲಲ್ಲಿ ನಿಂತು ಆ ಕಾರನ್ನು ನೋಡಿದರು. ಪರಮಣ್ಣ ಅವರು ನೋಡುವುದನ್ನು ನೋಡಿದ.

ಬೂದೆಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. "ಯಾಕ ಬಂದಿದ್ದ ಆಂವ?"

"ನನಗ ಎಲೆಕ್ಷನ್‌ಗೆ ನಿಂದರ ಅನ್ನಾಕತ್ತಾನ."

"ವಾಡೇದವರು ನಿನ್ನ ನಿಲ್ಲಸ್ತಾರ? ತಮ್ಮ ಎದುರಿಗೆ?"

"ಯಾಕ, ನಾ ನಿಂದರಬಾರದೇನು?"

"ನಿಂದರು. ಆದ್ರ ಮಾಸ್ತರ ಹೆಸರೂ ಪರಮಣ್ಣ, ನಿನ್ನ ಹೆಸರೂ ಪರಮಣ್ಣ. ಅದಕ್ಕ ಬಂದಾನ ಆಂವ. ಬ್ಯಾಡ ಅನ್ನು."

ಹೆಂಡತಿ ಒಂದೇ ಉಸಿರಿಗೆ ಹೇಳಿದ್ದು ತನಗೆ ಹೊಳೆದಿರಲಿಲ್ಲವೆಂದು ಅವನು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡ. ಆದರೆ ಹೊಳೆದಿತ್ತು. ಕೈಮುಗಿದ ಹನುಮಂತರಾಯನ ಮುಖ ನೋಡಿದಾಗಲೇ ಹೊಳೆದಿತ್ತು. ಅದನ್ನು ಒಂದು ಮೂಲೆಗೆ ಸರಿಸಿ, ತನ್ನ ಕೆಲಸ, ತನ್ನ ಹೆಸರು, ತನ್ನ ಗುರುತು ಎಂದು ಬೇರೆ ಲೆಕ್ಕ ಹಾಕಿಕೊಂಡಿದ್ದ. ಜನ ತನ್ನನ್ನು ಕಂಡು ಮತ ಹಾಕಿದರೆ ಅದರಲ್ಲಿ ಯಾರ ತಪ್ಪಿದೆ? ಹಾಕದಿದ್ದರೆ ಯಾರಿಗೆ ನಷ್ಟ? ಹೀಗೆ ಎರಡೂ ಕಡೆಯಿಂದ ತನ್ನನ್ನು ತಾನು ಸಮಾಧಾನ ಮಾಡಿಕೊಂಡ.

ವಾರದ ಮೇಲೆ ಅದೇ ಕಾರು ಅವನನ್ನು ರಾಯಚೂರಿಗೆ ಕರೆದೊಯ್ಯಿತು. ಮತಯಂತ್ರದ ಮೇಲೆ ಅಂಟಿಸಲು ಅಭ್ಯರ್ಥಿಯ ಫೋಟೋ ಬೇಕಿತ್ತು. ತೀನ್ ಕಂದೀಲ್ ವೃತ್ತದ ಹತ್ತಿರದ ಸ್ಟುಡಿಯೋದಲ್ಲಿ ಪರಮಣ್ಣ ತಲೆ ಬಾಚಿಕೊಂಡು ಸ್ಟೂಲಿನ ಮೇಲೆ ಕೂತ. ಹನುಮಂತರಾಯ ಚೀಲದಿಂದ ಹಳದಿ ರುಮಾಲು ತೆಗೆದ.

"ಇದು ಸುತ್ತಿಕೋರಿ ಸಾಹೇಬ್ರ."

"ನಾ ರುಮಾಲು ಸುತ್ತೂದಿಲ್ರಿ ಯಾವತ್ತೂ."

"ಫೋಟೋಕ್ಕ ಚಂದ ಕಾಣತದ. ಚಷ್ಮಾನೂ ತಗೀರಿ."

ಮಾಸ್ತರರಿಗೆ ಕನ್ನಡಕವಿರಲಿಲ್ಲ. ಪರಮಣ್ಣ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ. ಎದುರಿನ ಕನ್ನಡಿ ಮಸುಕಾಯಿತು. ಆ ಮಸುಕಿನಲ್ಲಿ ಹಳದಿ ರುಮಾಲಿನ ಒಬ್ಬ ಮನುಷ್ಯ ಕೂತಿದ್ದ. ಅವನು ತಾನಲ್ಲ, ಯಾರೆಂದೂ ಗೊತ್ತು. ಆಗ ಎದ್ದು ಬಂದಿದ್ದರೆ ಆಗುತ್ತಿತ್ತು. ಬಾಗಿಲು ತೆರೆದೇ ಇತ್ತು, ಹೊರಗೆ ದೇವದುರ್ಗದ ಬಸ್ಸಿಗೆ ಜನ ಹೋಗುತ್ತಿದ್ದರು. ಅವನು ಏಳಲಿಲ್ಲ. ಫೋಟೋದವನು "ಸ್ವಲ್ಪ ಗದ್ದ ಮ್ಯಾಲ ಮಾಡ್ರಿ" ಎಂದಾಗ ಗದ್ದ ಮೇಲೆ ಮಾಡಿದ.

ನಾಮಪತ್ರಕ್ಕೆ ಸಹಿ ಹಾಕಿದ ಸೂಚಕರೆಲ್ಲ ವಾಡೆಯ ಹೊಲದಲ್ಲಿ ದುಡಿಯುವವರು. ಮೂರನೆಯ ಸಲ ನಿಂತಿದ್ದ ಮಾಸ್ತರರಿಗೆ ಬಕೀಟಿನ ಚಿಹ್ನೆ ಸಿಕ್ಕಿತ್ತು. ಪರಮಣ್ಣನಿಗೆ ಗ್ಲಾಸು ಸಿಗುವಂತೆ ಹನುಮಂತರಾಯ ನೋಡಿಕೊಂಡ. ಕಪ್ಪು ಗೆರೆಯಲ್ಲಿ ಬರೆದ ಚಿತ್ರದಲ್ಲಿ ಬಕೀಟಿಗೂ ಗ್ಲಾಸಿಗೂ ಇರುವ ವ್ಯತ್ಯಾಸ ಒಂದು ಹಿಡಿಕೆ. ಹೆಸರಿಗೆ ಹೆಸರು, ರುಮಾಲಿಗೆ ರುಮಾಲು, ಒಂದರ ಕೆಳಗೊಂದು.

ಪರಮಣ್ಣ ಪ್ರಚಾರಕ್ಕೆ ಯಾವಾಗ ಹೊರಡುವುದೆಂದು ಕೇಳಿದ. ಹನುಮಂತರಾಯ ಫೋನಿನಲ್ಲಿ ನಕ್ಕ. "ಬಿಸಿಲು ಭಾಳ ಅದ್ರಿ. ಮನ್ಯಾಗ ಆರಾಮ ಕುಂದರ್ರಿ." ಅವನ ಹೆಸರಿನ ಒಂದು ಪೋಸ್ಟರೂ ಎಲ್ಲಿಯೂ ಅಂಟಲಿಲ್ಲ. ಹಳ್ಳಿಹಳ್ಳಿಯಲ್ಲಿ ಅವನ ಗುರುತಿದೆ ಎಂದಿದ್ದವರಿಗೆ ಅವನ ಗುರುತು ಬೇಕಾಗಿರಲೇ ಇಲ್ಲ. ಬೂದೆಮ್ಮ ಮಾತು ಬಿಟ್ಟಿದ್ದಳು. ರೊಟ್ಟಿ ಬಡಿದು ತಾಟಿಗೆ ಹಾಕಿ ಅತ್ತ ಹೋಗುತ್ತಿದ್ದಳು.

ಮತದಾನದ ದಿನ ಕುರ್ಡಿಯಲ್ಲಿ ಬೂದೆಮ್ಮನ ತಾಯಿ ಶರಣಮ್ಮ ಮೊಮ್ಮಕ್ಕಳ ಕೈ ಹಿಡಿದು ಶಾಲೆಗೆ ಹೋದಳು. ಮುದುಕಿಗೆ ಓದಲು ಬರದು, ಕಣ್ಣೂ ಮಂಜು. ಹಳದಿ ರುಮಾಲು ಹುಡುಕು ಎಂದು ಮಗ ಹೇಳಿ ಕಳಿಸಿದ್ದ. ಅಲ್ಲಿ ಎರಡು ಹಳದಿ ರುಮಾಲು ಕಂಡವು. ಮೊದಲು ಕಂಡದ್ದನ್ನು ಒತ್ತಿ ಹೊರಗೆ ಬಂದು, "ಮಾಸ್ತರಗ ಹಾಕಿದೆ" ಎಂದು ಎಲ್ಲರಿಗೂ ಹೇಳಿದಳು. ಏನು ಚಿತ್ರವಿತ್ತು ಎಂದು ಅಂಜಿನೇಯ ಕೇಳಿದಾಗ, "ಹಿಡಿಕಿ ಇಲ್ಲದ್ದು" ಎಂದಳು. ಅವನು ಹಣೆ ಹಿಡಿದುಕೊಂಡು ಕೂತ. ಆ ದಿನ ಹಾಗೆ ಹಣೆ ಹಿಡಿದುಕೊಂಡವರು ಊರೂರಲ್ಲಿ ಇದ್ದರು.

ಎಣಿಕೆ ರಾಯಚೂರಿನಲ್ಲಿ. ಅಭ್ಯರ್ಥಿಯೆಂದು ಪರಮಣ್ಣನಿಗೂ ಒಳಗೆ ಕೂರುವ ಪಾಸು ಇತ್ತು. ಅವನ ಏಜೆಂಟರೆಂದು ಬಂದವರೆಲ್ಲ ವಾಡೆಯ ಹುಡುಗರು. ಅವನ ಕಡೆ ತಿರುಗಿಯೂ ನೋಡದೆ ಸಾಹುಕಾರರ ಮತ ಬರೆದುಕೊಳ್ಳುತ್ತಿದ್ದರು. ಸುತ್ತು ಮುಗಿದಂತೆಲ್ಲ ಅಧಿಕಾರಿ ಹೆಸರು ಓದುತ್ತಿದ್ದ. "ಪರಮಣ್ಣ, ಗ್ಲಾಸು" ಎಂದು ಕೇಳಿದಾಗಲೆಲ್ಲ ಅವನ ಕಿವಿ ಸುಟ್ಟಂತಾಗುತ್ತಿತ್ತು. ಜಾಲಹಳ್ಳಿಯಲ್ಲಿ ಅವನಿಗೆ ಬಿದ್ದದ್ದು ಅಷ್ಟಕ್ಕಷ್ಟೆ. ಅವನನ್ನು ಬಲ್ಲವರು ಹಾಕಿರಲಿಲ್ಲ. ಕಾಲುವೆಯ ಕೊನೆಯ ಊರುಗಳಲ್ಲಿ, ಅವನನ್ನು ಕಂಡೇ ಇರದ ಊರುಗಳಲ್ಲಿ, ರಾಶಿ ಬಿದ್ದಿತ್ತು.

ಸಂಜೆಗೆ ಮಾಸ್ತರರು ಸೋತರು. ಸೋಲಿನ ಅಂತರಕ್ಕಿಂತ ಗ್ಲಾಸಿಗೆ ಬಿದ್ದ ಮತ ಹೆಚ್ಚಿತ್ತು.

ಹೊರಗೆ ಹೋಗುವ ಬಾಗಿಲು ಒಂದೇ. ಪರಮಣ್ಣ ಗೋಡೆಗೆ ಒತ್ತಿ ನಿಂತು ಎಲ್ಲರೂ ಹೋಗಲೆಂದು ಕಾದ. ಮಾಸ್ತರರು ಬಂದರು. ಎರಡು ಹೆಜ್ಜೆ ಮುಂದೆ ಹೋಗಿ, ನಿಂತು ಹಿಂತಿರುಗಿ ನೋಡಿದರು.

"ನೀವು ಜಾಲಹಳ್ಳಿ ಕಂಡಕ್ಟರ್ರಲ್ಲೇನ್ರಿ?"

ಪರಮಣ್ಣ ಹೌದೆಂದು ತಲೆ ಆಡಿಸಿದ.

"ನಿಮ್ಮ ಬಸ್ಸಿನ್ಯಾಗ ನಾ ಭಾಳ ಸಲ ಬಂದೀನಿ. ಒಂದು ಸಲ ಮಳಿಯೊಳಗ ಹಳ್ಳದ ದಂಡಿಗೆ ಬಸ್ಸು ನಿಲ್ಲಿಸಿ ಒಬ್ಬ ಬಾಣಂತೀನ ಹತ್ತಿಸಿಕೊಂಡಿದ್ರಿ. ಬರ್ತೀನ್ರಿ."

ಅಷ್ಟೇ ಹೇಳಿ ಮಾಸ್ತರರು ಹೋದರು. ಬೈದಿದ್ದರೆ, ಉಗುಳಿದ್ದರೆ ಪರಮಣ್ಣ ಒರೆಸಿಕೊಂಡು ಮನೆಗೆ ಹೋಗುತ್ತಿದ್ದ. ಆ ಬಾಣಂತಿಯ ಮಾತು ಅವನನ್ನು ಅಲ್ಲೇ ನೆಲಕ್ಕೆ ಇಳಿಸಿತು. ಗೋಡೆಗೆ ಬೆನ್ನು ಕೊಟ್ಟು ಕೂತವನನ್ನು ಕಾವಲಿನ ಪೊಲೀಸ್ ಬಂದು ಎಬ್ಬಿಸಿದ.

ಆ ಮೇಲಿನ ವರ್ಷಗಳು ಅವನಿಗೆ ಉದ್ದವಾದವು. ಹೋಟೆಲಿನಲ್ಲಿ ಚಹಾ ತಂದಿಡುವವನು, "ನಿಮ್ಮ ಗುರ್ತು ಬಂತು ನೋಡ್ರಿ" ಎಂದು ಗ್ಲಾಸು ಮುಂದಿಡುತ್ತಿದ್ದ. ಎಲ್ಲರೂ ನಗುತ್ತಿದ್ದರು. ಅವನು ಹೋಟೆಲಿಗೆ ಹೋಗುವುದು ಬಿಟ್ಟ. ಎಷ್ಟು ಎಕರೆ ಕೊಂಡೆ, ದೇವದುರ್ಗದಲ್ಲಿ ಪ್ಲಾಟು ಎಲ್ಲಿ ಹಾಕಿದೆ ಎಂದು ಕೇಳುವವರಿಗೆ ಏನು ಹೇಳುವುದು? ಅವನು ಏನೂ ತೆಗೆದುಕೊಂಡಿರಲಿಲ್ಲ. ಯಾರೂ ಕೊಡಲೂ ಬಂದಿರಲಿಲ್ಲ, ಫಲಿತಾಂಶದ ಮೇಲೆ ಹನುಮಂತರಾಯನ ಫೋನೇ ಬರಲಿಲ್ಲ. ಆದರೆ ಆ ಸತ್ಯ ಹೇಳಲು ಅವನಿಗೆ ನಾಚಿಕೆಯಾಗುತ್ತಿತ್ತು. ತೆಗೆದುಕೊಂಡಿದ್ದೇನೆ ಎಂದರೆ ಕಳ್ಳನಾದರೂ ಆಗುತ್ತಿದ್ದ. ಒಬ್ಬ ಕಾರಿನವನು ಕೈಮುಗಿದು ಸಾಹೇಬ್ರ ಅಂದದ್ದಕ್ಕೆ ಊರೂರಿನ ನೀರು ಮಾರಿದೆ ಎಂದು ಯಾವ ಬಾಯಿಂದ ಹೇಳುವುದು? ಹೀಗಾಗಿ ಜನ ಅಂದುಕೊಂಡದ್ದೇ ಇರಲಿ ಎಂದು ಸುಮ್ಮನಾದ.

ಬೂದೆಮ್ಮ ತವರಿಗೆ ಹೋಗುವುದು ಬಿಟ್ಟಳು. ಶರಣಮ್ಮ ತೀರಿಕೊಂಡಾಗ ಮಾತ್ರ ಹೋಗಿ, ಮಣ್ಣು ಕೊಟ್ಟು, ಯಾರ ಮನೆಯಲ್ಲೂ ನೀರು ಕುಡಿಯದೆ ಸಂಜೆಯ ಬಸ್ಸಿಗೆ ಬಂದಳು. ಪರಮಣ್ಣನಿಗೆ ಬಾ ಎಂದಿರಲಿಲ್ಲ.

ಮತ್ತೆ ಚುನಾವಣೆ ಬಂತು. ಮಾಸ್ತರರು ಮತ್ತೆ ನಿಂತರು, ಬಕೀಟೇ ಸಿಕ್ಕಿತು. ಈ ಸಲವೂ ಇನ್ನೊಬ್ಬ ಪರಮಣ್ಣ ನಾಮಪತ್ರ ಹಾಕಿದ್ದಾನೆ ಎಂಬ ಸುದ್ದಿ ಕೇಳಿ ಜಾಲಹಳ್ಳಿಯವರು ಕಂಡಕ್ಟರನ ಮನೆಯತ್ತ ನೋಡಿದರು. ಅವನಲ್ಲ. ಮಟಮಾರಿಯ ಒಬ್ಬ ಗಾರೆ ಕೆಲಸದವನು. ಪತ್ರ ಹಿಂದಕ್ಕೆ ಪಡೆಯಲು ಇನ್ನೂ ಸಮಯವಿತ್ತು. ಪರಮಣ್ಣ ಬೆಳಗಿನ ಬಸ್ಸಿಗೆ ಮಟಮಾರಿಗೆ ಹೋದ.

ಆ ಪರಮಣ್ಣನಿಗೆ ಮೂವತ್ತರ ಆಸುಪಾಸು. ಅರ್ಧ ಕಟ್ಟಿದ ಗೋಡೆಯ ಮೇಲೆ ಕೂತು ಇಟ್ಟಿಗೆ ಇಡುತ್ತಿದ್ದ. ಕೆಳಗೆ ಇಳಿಯದೆಯೇ ಮಾತಾಡಿದ.

"ನೀ ಯಾರು ಯಪ್ಪಾ?"

"ನಾನೂ ಪರಮಣ್ಣನ. ಹೋದ ಸಲ ಗ್ಲಾಸಿನ ಗುರ್ತಿಗೆ ನಿಂತಾಂವ."

"ಓಹೋ! ಹೇಳಪಾ."

"ವಾಪಸ್ ತಗೋ ತಮ್ಮಾ. ಅವರಿಗೆ ನೀ ಬೇಕಾಗಿಲ್ಲ, ನಿನ್ನ ಹೆಸರು ಬೇಕಾಗೇದ. ಆ ಹೆಸರು ಅವರು ಒಯ್ದರಂದ್ರ ನಿನಗ ಹೊಳ್ಳಿ ಬರೂದಿಲ್ಲ. ಮಂದೀ ಮುಖ ನೋಡಾಕ ಆಗೂದಿಲ್ಲ."

"ನಿನಗ ಏನು ಕೊಟ್ಟರು ಆವಾಗ?"

ಪರಮಣ್ಣ ಐದು ವರ್ಷ ಯಾರಿಗೂ ಹೇಳದ ಮಾತು. "ಏನೂ ಕೊಡಲಿಲ್ಲ."

ಗೋಡೆಯ ಮೇಲಿನವನು ಕರಣೆ ಕೆಳಗಿಟ್ಟು ನಕ್ಕ. ಕೆಳಗೆ ಸಿಮೆಂಟಿನ ಮಸಾಲೆ ಕಲಸುತ್ತಿದ್ದ ಹೆಂಗಸರೂ ನಕ್ಕರು. "ಪುಕ್ಕಟ್ಟ ನಿಂತಿದ್ದೇನು? ಹಂಗಾರ ನೀ ನನಗ ಬುದ್ಧಿ ಹೇಳಾಕ ಬರಬ್ಯಾಡ ಯಪ್ಪಾ. ನನಗ ಮನಿ ಕೊಡಸ್ತೀನಿ ಅಂದಾರ. ಮಂದೀ ಮನಿ ಕಟ್ಟಿ ಕಟ್ಟಿ ಸಾಕಾಗೇದ. ನಾಕ ದಿನ ಮಂದಿ ಅಂತಾರ, ಅಂದು ಬಿಡ್ತಾರ."

"ಬಿಡೂದಿಲ್ಲ ತಮ್ಮಾ."

"ಬಿಸಿಲಾಗ ನಿಂದರಬ್ಯಾಡ, ಹೋಗು."

ಅವನು ಹಿಂತೆಗೆದುಕೊಳ್ಳಲಿಲ್ಲ. ಪರಮಣ್ಣ ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ಬರುತ್ತಿದ್ದ. ಆ ಗಾರೆಯವನ ಮೇಲೆ ಸಿಟ್ಟೂ ಬರಲಿಲ್ಲ. ಆ ಹುಡುಗನಿಗೆ ಮನೆಯಾದರೂ ಬೇಕಿತ್ತು. ತನಗೆ ಬೇಕಾಗಿದ್ದದ್ದೇನು?

ಆ ಬಸ್ಸಿನ ಕಂಡಕ್ಟರ್ ಅಲ್ಲಾಉದ್ದೀನ್. ಒಂದು ಕಾಲಕ್ಕೆ ಪರಮಣ್ಣನ ಕೈಕೆಳಗೆ ಕೆಲಸ ಕಲಿತವನು. ದೇವದುರ್ಗ ದಾಟಿದ ಮೇಲೆ ಪರಮಣ್ಣ ಎದ್ದು ಅವನ ಹತ್ತಿರ ಹೋದ.

"ಮಂದಿಗೆ ಒಂದು ಮಾತು ಹೇಳಬೇಕು. ಹೇಳ್ಲೇನು?"

"ಹೇಳ್ರಿ ಅಣ್ಣಾರ. ಆದ್ರ ಯಾರಿಗೆ ಹಾಕ್ರಿ ಅಂತ ಮಾತ್ರ ಅನಬ್ಯಾಡ್ರಿ, ನನ್ನ ನೌಕರಿ ಹೋಗತದ."

ಪರಮಣ್ಣ ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತ. ಎಷ್ಟೋ ಸಾವಿರ ಸಲ ನಿಂತ ಜಾಗ.

"ನಾ ಕಂಡಕ್ಟರ್ ಪರಮಣ್ಣ. ಹೋದ ಸಲ ಮಾಸ್ತರ ರುಮಾಲು ಸುತ್ತಿ ಫೋಟೋ ತಗಸಿ ನಿಮಗ ಮೋಸ ಮಾಡಿದಾಂವ ನಾನ. ಈ ಸಲನೂ ಅದೇ ಹೆಸರಿನಾಂವ ಇನ್ನೊಬ್ಬ ಇದ್ದಾನ. ಯಾರಿಗೆ ಹಾಕಬೇಕಂತೀರೋ ಅವರಿಗೇ ಹಾಕ್ರಿ. ಆದ್ರ ಹೆಸರು ನೋಡಿ ಒತ್ತಬ್ಯಾಡ್ರಿ, ಗುರ್ತು ನೋಡಿ ಒತ್ರಿ."

ಹಿಂದಿನ ಸೀಟಿನಿಂದ ಒಬ್ಬ ಕೂಗಿದ: "ಈ ಸಲ ಎಷ್ಟಕ್ಕ ಮಾತಾಡೀದಿ?"

ಬಸ್ಸೆಲ್ಲ ನಕ್ಕಿತು. ಪರಮಣ್ಣನ ಕಣ್ಣು ತುಂಬಿದವು, ಆದರೆ ಕಂಬಿ ಬಿಡಲಿಲ್ಲ. ಅದೇ ಮಾತು ಮತ್ತೊಮ್ಮೆ ಹೇಳಿದ. ಮುಂದೆ ಕೂತಿದ್ದ ಒಬ್ಬ ಮುದುಕಿ, "ಗುರ್ತು ಏನಂತ ಬಿಡಿಸಿ ಹೇಳು" ಎಂದು ಕೇಳಿದಳು. ನಗು ನಿಂತಿತು.

ಮರುದಿನದಿಂದ ಅವನು ಇಡೀ ದಿನ ಬಸ್ಸುಗಳಲ್ಲೇ ಇರುತ್ತಿದ್ದ. ಹತ್ತುವುದು, ಹೇಳುವುದು, ಇಳಿಯುವುದು. ಕೆಲವರು ಹುಚ್ಚ ಎಂದರು. ಹನುಮಂತರಾಯ ಫೋನು ಮಾಡಿ, "ಮುದುಕತನದಾಗ ಕಾಲು ಮುರಕೋಬ್ಯಾಡ್ರಿ" ಎಂದ. ಪ್ರತಿ ಬಸ್ಸಿನಲ್ಲೂ ನಾನು ಮೋಸ ಮಾಡಿದೆ ಎಂದು ಮೊದಲಿನಿಂದ ಹೇಳಬೇಕಿತ್ತು. ಹೇಳಿ ಹೇಳಿ ಅಭ್ಯಾಸವಾಗುತ್ತದೆ ಎಂದುಕೊಂಡಿದ್ದ, ಆಗಲಿಲ್ಲ. ಕೊನೆಯ ದಿನವೂ ಮೊದಲ ಮಾತಿಗೆ ನಾಲಿಗೆ ಒಣಗುತ್ತಿತ್ತು.

ಫಲಿತಾಂಶ ಬಂತು. ಮಟಮಾರಿಯ ಪರಮಣ್ಣನಿಗೆ ಬಿದ್ದದ್ದು ಕೈಬೆರಳೆಣಿಕೆಗಿಂತ ಸ್ವಲ್ಪ ಹೆಚ್ಚು. ಆದರೂ ಮಾಸ್ತರರು ಸೋತರು, ಈ ಸಲ ದೊಡ್ಡ ಅಂತರದಿಂದ. ಐದು ವರ್ಷದಲ್ಲಿ ಅವರ ಜೊತೆಗಿದ್ದ ಎಷ್ಟೋ ಜನ ವಾಡೆಯ ಕಡೆ ಸರಿದಿದ್ದರು. ಗೆಲ್ಲುವ ಗಾಳಿ ಹೋದ ಸಲವೇ ಬೀಸಿ ಹೋಗಿತ್ತು.

ಪರಮಣ್ಣ ಮಾನ್ವಿಗೆ ಹೋದ. ಮಾಸ್ತರರು ಪಡಸಾಲೆಯಲ್ಲಿ ರುಮಾಲಿಲ್ಲದೆ ಕೂತಿದ್ದರು. ತಲೆ ಪೂರಾ ಬೋಳು. ಒಳಗಿನಿಂದ ಚಹಾ ತರಿಸಿದರು. ಪರಮಣ್ಣ ಮುಟ್ಟಲಿಲ್ಲ.

"ಬಸ್ಸಿನ್ಯಾಗ ನೀವು ಮಾತಾಡಿದ್ದು ಕೇಳೀನಿ" ಎಂದರು ಮಾಸ್ತರರು. "ಈ ಸಲ ನಾ ಸೋತೀನಿ. ಮಂದಿ ನನ್ನ ನೋಡಿ, ಬ್ಯಾಡ ಅಂದಾರ. ಅದು ತಿಳೀತದ. ಹೋದ ಸಲ ನಾ ಸೋತೆನೋ ಇಲ್ಲೋ ಅನ್ನೂದು ಇವತ್ತಿಗೂ ನನಗ ತಿಳದಿಲ್ಲ."

"ತಪ್ಪಾಗೇದ್ರಿ ಮಾಸ್ತರ. ನನಗ ಕ್ಷಮಾ ಮಾಡ್ರಿ."

ಮಾಸ್ತರರು ಅಂಗಳದ ಕಡೆ ತಿರುಗಿದರು. "ಆವತ್ತು ಗೆದ್ದಿದ್ರ ಕುರ್ಡಿಗೆ ನೀರು ತರ್ತಿದ್ದೆನೋ ಇಲ್ಲೋ, ದೇವರಿಗೆ ಗೊತ್ತು. ಅದನ್ನ ನೋಡೂ ಅವಕಾಶ ಕುರ್ಡಿ ಮಂದಿಗೆ ಸಿಗಲಿಲ್ಲ. ನಾ ಮಾಡ್ತೀನಪಾ ಕ್ಷಮಾ. ಆದ್ರ ನನ್ನೊಬ್ಬಂದ ಏನಾಗತದ?"

ಪರಮಣ್ಣ ಮನೆಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಹೆಂಡತಿಗೆ ಹೇಳಿದ. ಹಣ ತೆಗೆದುಕೊಂಡಿರಲಿಲ್ಲ ಎಂಬುದನ್ನೂ ಹೇಳಿದ. ಬೂದೆಮ್ಮ, "ಅದು ನನಗ ಮೊದಲ ಗೊತ್ತಿತ್ತು" ಎಂದಳು. ಬೆಳಿಗ್ಗೆ ಎದ್ದು ರೊಟ್ಟಿ ಕಟ್ಟಿದಳು. ಸೀರೆ ಬದಲಿಸಿ ಹೊಸ್ತಿಲಲ್ಲಿ ನಿಂತು, "ಕುರ್ಡಿಗೆ ಹೊಂಟೀನಿ. ನೀನೂ ಬಾ" ಎಂದಳು.

ಕುರ್ಡಿಯ ಓಣಿಯಲ್ಲಿ ಬೂದೆಮ್ಮ ಮುಂದೆ, ಅವನು ಹಿಂದೆ ನಡೆದರು. ಕಟ್ಟೆಯ ಮೇಲಿನ ಇಬ್ಬರು ಮಾತು ನಿಲ್ಲಿಸಿದರು. ಒಬ್ಬಳು ಹೆಂಗಸು, "ಬೂದೆಮ್ಮಾ, ಬಂದ್ಯಾ" ಎಂದು ಅವಳನ್ನಷ್ಟೇ ಮಾತಾಡಿಸಿದಳು. ಅಂಜಿನೇಯ ಅಂಗಳದಲ್ಲಿ ಎತ್ತಿಗೆ ಮೇವು ಹಾಕುತ್ತಿದ್ದ. ಅಕ್ಕನನ್ನು ಕಂಡ, ಅವಳ ಹಿಂದಿದ್ದವನನ್ನು ಕಂಡ. ಒಳಗೆ ಹೋಗಿ ಹಗ್ಗದ ಹೊರಸು ತಂದು ಬೇವಿನ ನೆರಳಿಗೆ ಹಾಕಿದ.

"ಕುಂದರ್ರಿ" ಎಂದ. ತಾನು ಕೂರಲಿಲ್ಲ. ಮೇವಿನ ಕಡೆ ತಿರುಗಿದ.

ಬೂದೆಮ್ಮ ಒಳಗೆ ಹೋದಳು. ಒಳಗೆ ಹೆಂಗಸರ ಅಳು, ಮಾತು, ಪಾತ್ರೆಯ ಸದ್ದು. ಪರಮಣ್ಣ ಹೊರಸಿನ ಅಂಚಿಗೆ, ಪೂರಾ ಭಾರ ಹಾಕದೆ ಕೂತ. ಅಂಜಿನೇಯ ಕೆಲಸ ಮುಗಿಸಿ ತಿರುಗುವವರೆಗೆ ತಲೆ ಎತ್ತದೆ ಕೂತೇ ಇದ್ದ.